ಕಾರ್ಡು ಗೋಡೆಯದಲ್ಲ, ಕೈಯದು

ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೂಡಿಸಿಟ್ಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಇವಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದೇ, ಹಾಕುವುದಾದರೆ ಯಾವ ಗಾಜು, ಎಂಥ ಚೌಕಟ್ಟು? ಅಮೆರಿಕದಲ್ಲಿ ನೆಲೆಸಿ, ಅಲ್ಲೇ ಹುಟ್ಟಿದ ಮಕ್ಕಳಿಂದ ಆ ಆಟದ ಗೀಳು ಹತ್ತಿಸಿಕೊಂಡ ಕನ್ನಡಿಗರು ಕೇಳುವುದೂ ಇದನ್ನೇ. ಈ ಪ್ರಶ್ನೆಯೊಳಗೆ ಎರಡು ನಂಬಿಕೆಗಳಿವೆ. ಸಂಗ್ರಹವೆಂದರೆ ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎನ್ನುವುದು ಒಂದು. ಕಣ್ಣಿಗೆ ಬೀಳಬೇಕಾದರೆ ಗೋಡೆ ಏರಬೇಕು ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೆಯದು ತಪ್ಪು ಮಾತ್ರವಲ್ಲ, ನೂರು ವರ್ಷ ಬಾಳಿಬಂದ ಕಾಗದವನ್ನು ಐದಾರು ವರ್ಷಗಳಲ್ಲಿ ಕೆಡಿಸುವಷ್ಟು ಅಪಾಯಕಾರಿ. ಈ ಕಾರ್ಡುಗಳನ್ನು ಮಾಡಿದ್ದೇ ಕೈಯಲ್ಲಿ ಹಿಡಿದು, ತಿರುಗಿಸಿ, ಹಿಂದೆ ಮುಂದೆ ನೋಡಲಿಕ್ಕೆ. ಅಸಲು ಕಾರ್ಡು ಕತ್ತಲೆಯ ಪೆಟ್ಟಿಗೆಯಲ್ಲಿರಲಿ, ನೋಡಬೇಕೆನಿಸಿದಾಗ ಮೇಜಿನ ಮೇಲೆ ಬರಲಿ, ಗೋಡೆಗೆ ಅದರ ಪ್ರತಿ ಸಾಕು ಎಂದು ನಾನು ಹೇಳುವುದು ಜಿಪುಣತನದಿಂದಲ್ಲ. ಕಾಗದ ಮತ್ತು ಶಾಯಿಯ ಸ್ವಭಾವ ಹಾಗಿದೆ.

ಮೊದಲು ಈ ವಸ್ತುಗಳು ಎಂಥವು ಎಂಬುದನ್ನು ನೋಡೋಣ. ಸಂಗ್ರಾಹಕರು ಟಿ206 ಎಂದು ಕರೆಯುವ ಸರಣಿ 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಿಗರೇಟು ಪ್ಯಾಕುಗಳಲ್ಲಿ ಬಂತು. ಅಗಲ ನಾಲ್ಕು ಸೆಂಟಿಮೀಟರಿಗೂ ಕಡಿಮೆ, ಎತ್ತರ ಏಳಕ್ಕೆ ಒಂದಿಷ್ಟು ಕಡಿಮೆ. ಪ್ಯಾಕಿನೊಳಗೆ ಹಿಡಿಸಬೇಕಿತ್ತು, ಅದಕ್ಕೇ ಆ ಅಳತೆ. ಮುಂದೆ ಕಲ್ಲಚ್ಚಿನ ಬಣ್ಣದಲ್ಲಿ ಆಟಗಾರನ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. 1914ರಲ್ಲಿ ಕ್ರ್ಯಾಕರ್ ಜ್ಯಾಕ್ ತಿನಿಸಿನ ಡಬ್ಬಿಯೊಳಗೆ ಬಂದ ಕಾರ್ಡುಗಳ ಮೇಲೆ ಕ್ಯಾರಮೆಲ್‌ನ ಕಲೆ ಇಂದಿಗೂ ಕಾಣುತ್ತದೆ. 1933ರಲ್ಲಿ ಗೌಡಿ ಕಂಪನಿ ಚೂಯಿಂಗ್ ಗಮ್ ಜೊತೆ ಕಾರ್ಡು ಕೊಟ್ಟಿತು. 1952ರಲ್ಲಿ ಟಾಪ್ಸ್ ಕಂಪನಿ 407 ಕಾರ್ಡುಗಳ ದೊಡ್ಡ ಸರಣಿ ಹೊರತಂದಾಗ ಹಿಂಬದಿಯಲ್ಲಿ ಆಟಗಾರನ ಪರಿಚಯ, ಅಂಕಿ ಅಂಶ ಎಲ್ಲವನ್ನೂ ತುಂಬಿತು. ಇವುಗಳಲ್ಲಿ ಯಾವುದನ್ನೂ ಬಹುಕಾಲ ಉಳಿಯಲಿ ಎಂದು ಅಚ್ಚು ಹಾಕಿದ್ದಲ್ಲ. ಅಗ್ಗದ ರಟ್ಟು, ಅಗ್ಗದ ಶಾಯಿ. ಸರಕು ಮಾರಲು ಜೊತೆಗೆ ಕೊಟ್ಟ ಪುಕ್ಕಟೆ ವಸ್ತು. ಮಾರಾಟವಾಗದೆ ಉಳಿದ 1952ರ ಕಾರ್ಡುಗಳನ್ನು 1960ರಲ್ಲಿ ಟಾಪ್ಸ್‌ನವರೇ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರು. ಅದೇ ಸರಣಿಯ 311ನೆಯ ಕಾರ್ಡು, ಆಟಗಾರ ಮಿಕ್ಕಿ ಮ್ಯಾಂಟಲ್‌ನದು, 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಬೆಲೆಯ ಮಾತು ಬದಿಗಿರಲಿ. ಬಾಳಿಕೆಗೆಂದು ಮಾಡದ ವಸ್ತುವನ್ನು ಬಾಳಿಸುವ ಹೊಣೆ ಪೂರ್ತಿಯಾಗಿ ಇಟ್ಟುಕೊಂಡವರ ಮೇಲೆ ಬೀಳುತ್ತದೆ, ಅದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಆ ಹೊಣೆಗೆ ಎದುರಾಗುವ ಮೊದಲ ಶತ್ರು ಬೆಳಕು. ನೀರು ತಾಗಿದ್ದು ಗೊತ್ತಾಗುತ್ತದೆ, ಇಲಿ ಕಡಿದದ್ದು ಗೊತ್ತಾಗುತ್ತದೆ, ಬೆಳಕು ಮಾಡುವ ಹಾನಿ ಮಾತ್ರ ಆಗಿ ಮುಗಿಯುವವರೆಗೆ ತಿಳಿಯುವುದಿಲ್ಲ. ತಿಳಿದ ಮೇಲೆ ಹಿಂದಕ್ಕೆ ತರುವ ಉಪಾಯವೂ ಇಲ್ಲ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ: ಎಷ್ಟು ಪ್ರಖರ, ಎಷ್ಟು ಹೊತ್ತು, ಈ ಎರಡರ ಗುಣಲಬ್ಧವೇ ಲೆಕ್ಕ. ವಸ್ತುಸಂಗ್ರಹಾಲಯಗಳು ಬಣ್ಣದ ಕಾಗದದಂಥ ಸೂಕ್ಷ್ಮ ವಸ್ತುಗಳಿಗೆ ಸಾಮಾನ್ಯವಾಗಿ, ಬೆಳಕಿನ ಪ್ರಖರತೆಯ ಮಾನವಾದ ಲಕ್ಸ್ ಲೆಕ್ಕದಲ್ಲಿ, 50 ಲಕ್ಸ್‌ನಷ್ಟು ಮಂದ ಬೆಳಕು ಕೊಡುತ್ತವೆ. ದಿನಕ್ಕೆ ಎಂಟು ತಾಸಿನಂತೆ ಮೂರು ತಿಂಗಳು ಹಾಗಿಟ್ಟರೆ 36,000 ಲಕ್ಸ್-ತಾಸು ಆಗುತ್ತದೆ. ಈಗ ಅದೇ ಕಾರ್ಡನ್ನು ಮನೆಯ ಕಿಟಕಿಯ ಪಕ್ಕದ ಗೋಡೆಗೆ ಹಾಕಿ. ನೇರ ಬಿಸಿಲು ಬೀಳದಿದ್ದರೂ ಅಲ್ಲಿ ಹಗಲು 2,000 ಲಕ್ಸ್ ಇರುವುದು ಅಪರೂಪವೇನಲ್ಲ. ಎಂಟು ತಾಸಿಗೆ 16,000. ಅಂದರೆ ಸಂಗ್ರಹಾಲಯದಲ್ಲಿ ಮೂರು ತಿಂಗಳು ಉಂಡ ಬೆಳಕನ್ನು ಮನೆಯಲ್ಲಿ ಎರಡು ದಿನ ಚಿಲ್ಲರೆಯಲ್ಲಿ ಉಂಡಾಯಿತು. ಇನ್ನು ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಅದರಡಿ ಇಪ್ಪತ್ತೆರಡು ನಿಮಿಷ ಸಾಕು. ಬೇಸಿಗೆಯಲ್ಲಿ ಹೊತ್ತು ಇಳಿಯುವಾಗ ಪಡುಗಡೆಯ ಕಿಟಕಿಯಿಂದ ಕೋಲುಬಿಸಿಲು ಬಂದು ಎದುರು ಗೋಡೆಯ ಚೌಕಟ್ಟಿನ ಮೇಲೆ ಕಾಲು ತಾಸು ಕೂತು ಹೋದರೆ ಯಾರೂ ಗಮನಿಸುವುದಿಲ್ಲ. ದಿನವೂ ಅದು ಬರುತ್ತದೆ, ದಿನವೂ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ತಕ್ಷಣ ಬರುವ ಉತ್ತರ, ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದ್ದೇವೆ ಎಂಬುದು. ಒಳ್ಳೆಯ ಅಕ್ರಿಲಿಕ್ ಹಾಳೆಗಳು ಆ ಕಿರಣಗಳನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತವೆ, ನಿಜ. ತೂಗುಹಾಕಲೇಬೇಕೆಂದರೆ ಅಂಥದ್ದನ್ನೇ ಹಾಕಿಸಬೇಕು, ಅದೂ ನಿಜ. ಆದರೆ ಬಣ್ಣ ಮಾಸುವುದು ನೇರಳಾತೀತದಿಂದ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಮಾಸುತ್ತದೆ. ಕಾಣುವ ಬೆಳಕನ್ನು ತಡೆದರೆ ಕಾರ್ಡೇ ಕಾಣುವುದಿಲ್ಲ. ಹಾಗಾಗಿ ಗಾಜು ಕೆಡುಕನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಎಲ್ಲ ಕಾರ್ಡುಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಪ್ಪು ಶಾಯಿ ಗಟ್ಟಿ, ಕೆಂಪು ಹಳದಿಗಳು ಹಲವೊಮ್ಮೆ ಬೇಗ ಸೋಲುತ್ತವೆ. ಕೆಂಪು ಹೋದ ಮೇಲೆ ಆಟಗಾರನ ಮುಖ ರಕ್ತ ಬಸಿದಂತೆ ಬಿಳಿಚುತ್ತದೆ, ಹಿಂದಿನ ಆಕಾಶ ಮಾತ್ರ ನೀಲಿಯಾಗೇ ಇರುತ್ತದೆ. 1880ರ ದಶಕದ ಕೊನೆಯಲ್ಲಿ ಬಂದ ಓಲ್ಡ್ ಜಡ್ಜ್ ಕಾರ್ಡುಗಳು ರಟ್ಟಿಗೆ ಅಂಟಿಸಿದ ನಿಜವಾದ ಫೋಟೊಗಳು, ಬೆಳಕಿಗೆ ಇನ್ನೂ ನಾಜೂಕು. ಎಲ್ಲಕ್ಕಿಂತ ಬೇಗ ಹೋಗುವುದು ಆಟಗಾರನ ಸಹಿ. ಬಾಲ್‌ಪೆನ್ನು, ಸ್ಕೆಚ್‌ಪೆನ್ನುಗಳ ಶಾಯಿ ಬೆಳಕಿನಲ್ಲಿ ಎಷ್ಟು ಬೇಗ ಇಂಗುತ್ತದೆಂದರೆ, ಸಹಿ ಇರುವ ಕಾರ್ಡನ್ನು ಗೋಡೆಗೆ ಹಾಕುವುದನ್ನು ಯಾವ ಷರತ್ತಿನ ಮೇಲೂ ನಾನು ಒಪ್ಪಲಾರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಷ್ಟೆಲ್ಲ ಕಾಳಜಿ ಯಾಕೆ, ಅಟ್ಟದ ಮೇಲೆ ಬಿಸಾಕಿದ್ದ ಕಾರ್ಡುಗಳೇ ನೂರು ವರ್ಷ ಚೆನ್ನಾಗಿ ಉಳಿದಿಲ್ಲವೇ ಎಂದು ಕೇಳುತ್ತಾರೆ. ಉಳಿದಿವೆ. 2012ರಲ್ಲಿ ಒಹಾಯೊ ರಾಜ್ಯದ ಡಿಫಯನ್ಸ್ ಎಂಬ ಊರಿನ ಹಳೆಯ ಮನೆಯೊಂದರ ಅಟ್ಟದಲ್ಲಿ, ಮಸಿ ಹಿಡಿದ ರಟ್ಟಿನ ಪೆಟ್ಟಿಗೆಯೊಳಗೆ, ಹುರಿಯಿಂದ ಕಟ್ಟಿದ್ದ ಸುಮಾರು 700 ಕಾರ್ಡುಗಳು ಸಿಕ್ಕವು. 1910ರ ಹೊತ್ತಿನ, ಮಿಠಾಯಿ ಜೊತೆ ಹಂಚಿದ ಕಾರ್ಡುಗಳು. ಟೈ ಕಾಬ್, ಹೋನಸ್ ವ್ಯಾಗ್ನರ್‌ರಂಥ ಆಟಗಾರರ ಚಿತ್ರಗಳು ನಿನ್ನೆ ಅಚ್ಚಾದಷ್ಟು ಹೊಳಪಿನಲ್ಲಿದ್ದವು. 2016ರಲ್ಲಿ ದಕ್ಷಿಣದ ರಾಜ್ಯವೊಂದರಲ್ಲಿ ಮುತ್ತಜ್ಜನ ಮನೆ ಖಾಲಿ ಮಾಡುವಾಗ, ಇನ್ನೇನು ಕಸಕ್ಕೆ ಹೋಗಬೇಕಿದ್ದ ಮುದುಡಿದ ಕಾಗದದ ಚೀಲದೊಳಗೆ ಹಿಂಬದಿಯಲ್ಲಿಯೂ ಟೈ ಕಾಬ್ ಹೆಸರಿರುವ ಅತಿ ಅಪರೂಪದ ಏಳು ಟಿ206 ಕಾರ್ಡುಗಳು ಸಿಕ್ಕವು. 2022ರಲ್ಲಿ ಹರಾಜಾದ ಆ ಮ್ಯಾಂಟಲ್ ಕಾರ್ಡು ಕೂಡ 1980ರ ದಶಕದಲ್ಲಿ ಬಾಸ್ಟನ್ ಸುತ್ತಮುತ್ತ ಸಿಕ್ಕ, ಅಂಗಡಿಯ ಮುಖವನ್ನೇ ಕಾಣದ ದೊಡ್ಡ ರಾಶಿಯಿಂದ ಬಂದದ್ದು. ಈ ಮೂರೂ ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪೆಟ್ಟಿಗೆ ಒಳ್ಳೆಯದಿರಲಿಲ್ಲ, ಚೀಲವಂತೂ ಕೆಟ್ಟದ್ದೇ. ಆದರೆ ಎಲ್ಲ ಕಡೆಯೂ ಕತ್ತಲೆ ಇತ್ತು, ಯಾರೂ ಮುಟ್ಟಿರಲಿಲ್ಲ, ಕಾರ್ಡಿಗೆ ಕಾರ್ಡು ಒತ್ತಿ ಕೂತಿದ್ದರಿಂದ ಗಾಳಿ ಆಡಿರಲಿಲ್ಲ. ಅಟ್ಟ ಅವನ್ನು ಕಾಪಾಡಲಿಲ್ಲ, ಮರೆವು ಮತ್ತು ಕತ್ತಲೆ ಕಾಪಾಡಿದವು. ಅದೇ ಕಾಲದಲ್ಲಿ ಅಂಥದ್ದೇ ಅಟ್ಟಗಳಲ್ಲಿ ಸೋರಿದ ನೀರಿಗೆ, ಬೇಸಿಗೆಯ ಕಾವಿಗೆ, ಹುಳಕ್ಕೆ ಸಿಕ್ಕಿ ಮಣ್ಣಾದವು ಸುದ್ದಿಯಾಗಲಿಲ್ಲ. ಉಳಿದದ್ದು ಮಾತ್ರ ಸುದ್ದಿಯಾಗುತ್ತದೆ. ಕೆಲವು ಉಳಿದವು ಎಂಬುದರಿಂದ ಅಟ್ಟ ಸುರಕ್ಷಿತ ಎಂಬ ತೀರ್ಮಾನಕ್ಕೆ ಬರಲಾಗದು. ನನ್ನ ವಾದಕ್ಕಂತೂ ಈ ಪ್ರಸಂಗಗಳು ಎದುರು ನಿಲ್ಲುವುದಿಲ್ಲ, ಬೆನ್ನಿಗೇ ನಿಲ್ಲುತ್ತವೆ.

ಹಾಗಾದರೆ ಕಾರ್ಡಿಟ್ಟ ಆಮ್ಲರಹಿತ ಪೆಟ್ಟಿಗೆ ಎಲ್ಲಿರಬೇಕು? ಮನೆಯವರು ವಾಸ ಮಾಡುವ ಕೋಣೆಯ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಮೇಲೆ. ಮನುಷ್ಯರಿಗೆ ಹಿತವಾದ ಹವೆ ಕಾಗದಕ್ಕೂ ಸರಿಸುಮಾರು ಹಿತ. ತೇವಾಂಶ ಶೇಕಡ 35ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 65 ದಾಟಿ ಬಹಳ ದಿನ ನಿಂತರೆ ಬೂಷ್ಟಿಗೆ ಬಾಗಿಲು ತೆರೆದಂತೆ. ತೇವಾಂಶ ಮೇಲೆ ಕೆಳಗೆ ಓಲಾಡುತ್ತಿದ್ದರಂತೂ ರಟ್ಟು ಹಿಗ್ಗಿ ಕುಗ್ಗಿ ಬಾಗುತ್ತದೆ. ಕಾಗದ ಹಳದಿಯಾಗಿ ಪುಡಿಪುಡಿಯಾಗುವ ರಾಸಾಯನಿಕ ಕ್ರಿಯೆ ಕಾವಿನಿಂದ ಚುರುಕಾಗುತ್ತದೆ. ಐದು ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸಂರಕ್ಷಣಾ ತಜ್ಞರ ಅಂದಾಜು ಸೂತ್ರ. ಅಮೆರಿಕದ ಮನೆಗಳಲ್ಲಿ ನೆಲಮಾಳಿಗೆಯನ್ನು ಉಗ್ರಾಣ ಮಾಡಿಕೊಳ್ಳುವ ರೂಢಿ ಇದೆ. ತಂಪೇನೋ ಹೌದು, ಆದರೆ ಒದ್ದೆ. ಕೊಳಾಯಿ ಒಡೆದರೆ ಮೊದಲು ನೀರು ನಿಲ್ಲುವುದೂ ಅಲ್ಲೇ. ಇಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಬೆಂಕಿ ತಡೆಯುವ ತಿಜೋರಿಯಲ್ಲಿಟ್ಟರೆ ನಿಶ್ಚಿಂತೆ ಎಂದು ದುಬಾರಿ ತಿಜೋರಿ ಕೊಳ್ಳುತ್ತಾರೆ. ಅಂಥ ಬಹಳಷ್ಟು ತಿಜೋರಿಗಳ ಗೋಡೆಯೊಳಗೆ ತುಂಬಿರುವ ವಸ್ತು ತನ್ನಲ್ಲೇ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗಿನ ಕಾವನ್ನು ತಗ್ಗಿಸಲಿ ಎಂದು. ಬೆಂಕಿ ಬೀಳದ ವರ್ಷಗಳಲ್ಲೂ ಆ ತೇವ ನಿಧಾನವಾಗಿ ಒಳಗೆ ಸೇರುತ್ತಿರುತ್ತದೆ. ತಿಜೋರಿಯೇ ಬೇಕೆಂದರೆ ಒಳಗೊಂದು ತೇವಾಂಶ ಮಾಪಕ ಇಡಬೇಕು, ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಗಾಗ ಬದಲಿಸಬೇಕು. ಜೆಲ್ ಅತಿಯಾದರೂ ಕಷ್ಟವೇ, ಒಣಗಿದ ರಟ್ಟು ಸುರುಳಿ ಕಟ್ಟುತ್ತದೆ.

ಇನ್ನು ಕಾರ್ಡಿಗೆ ತಾಗಿಕೊಂಡೇ ಇರುವ ವಸ್ತುವಿನ ಮಾತು. ನನ್ನ ಎಣಿಕೆಯಲ್ಲಿ ಬೆಳಕಿನ ನಂತರ ಹೆಚ್ಚು ಕಾರ್ಡು ಕೆಡಿಸಿರುವುದು ಕಾಪಾಡಲೆಂದು ಕೊಂಡ ಪ್ಲಾಸ್ಟಿಕ್ಕೇ. ಹಳೆಯ ಆಲ್ಬಂ ಹಾಳೆಗಳು ಮೆತ್ತನೆಯ ಪಿವಿಸಿಯವು. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ಪದಾರ್ಥ ವರ್ಷ ಕಳೆದಂತೆ ಹೊರಗೆ ಒಸರುತ್ತದೆ, ಹಾಳೆ ಜಿಗುಟಾಗುತ್ತದೆ, ಕಾರ್ಡಿನ ಶಾಯಿಯನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ಹಳೆಯ ಆಲ್ಬಂ ಬಿಚ್ಚಿದೊಡನೆ ಹೊಸ ರೇನ್‌ಕೋಟಿನಂಥ ವಾಸನೆ ಮೂಗಿಗೆ ಹೊಡೆದರೆ ಅದೇ ಇದು. ಅಂದೇ ಕಾರ್ಡುಗಳನ್ನು ಹೊರತೆಗೆಯಬೇಕು. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್, ಈ ಮೂರರಲ್ಲಿ ಯಾವುದಾದರೂ ಆದೀತು. ಸಂಗ್ರಾಹಕರು ಪೆನಿ ಸ್ಲೀವ್ ಎನ್ನುವ ತೆಳು ಚೀಲ ಪಾಲಿಪ್ರೊಪಿಲೀನ್‌ನದು, ಕಾಸಿಗೆ ಸಿಗುವಂಥದ್ದು. ಮೊದಲು ಅದಕ್ಕೆ ಇಳಿಸಿ, ಆಮೇಲೆ ಟಾಪ್‌ಲೋಡರ್ ಎನ್ನುವ ಗಡಸು ಕವಚಕ್ಕೆ ಹಾಕುವುದು ರೂಢಿ. ಟಾಪ್‌ಲೋಡರ್ ಸಾಮಾನ್ಯವಾಗಿ ಪಿವಿಸಿಯದೇ, ಆದರೆ ಗಡಸು ಜಾತಿಯದು, ಒಸರುವ ಎಣ್ಣೆ ಇಲ್ಲ. ಆದರೂ ಬರಿಯ ಕಾರ್ಡನ್ನು ಅದಕ್ಕೆ ತುರುಕದೆ ನಡುವೆ ಸ್ಲೀವ್ ಇರಲೇಬೇಕು. ಅಳತೆಯಲ್ಲೂ ಎಚ್ಚರ ಬೇಕು. 1957ರಿಂದ ಟಾಪ್ಸ್ ಕಾರ್ಡಿನ ಅಳತೆ ಇಂದಿನದೇ, ಎರಡೂವರೆ ಇಂಚಿಗೆ ಮೂರೂವರೆ ಇಂಚು. 1952ರದು ಅದಕ್ಕಿಂತ ದೊಡ್ಡದು, ಈಗಿನ ಸ್ಲೀವಿಗೆ ನೂಕಿದರೆ ಮೂಲೆ ಮೊಂಡಾಗುತ್ತದೆ. ಟಿ206 ತೀರ ಚಿಕ್ಕದು, ದೊಡ್ಡ ಕವಚದಲ್ಲಿ ಜಾರಾಡಿ ಅಂಚು ಸವೆಯುತ್ತದೆ. ಎರಡಕ್ಕೂ ಅವುಗಳದೇ ಅಳತೆಯ ಸ್ಲೀವ್ ಸಿಗುತ್ತದೆ. ಬೈಂಡರ್ ಇಷ್ಟಪಡುವವರು ದುಂಡು ಉಂಗುರದ್ದನ್ನು ಬಿಟ್ಟು ಡಿ ಆಕಾರದ ಉಂಗುರದ್ದನ್ನು ಆರಿಸಿಕೊಳ್ಳಲಿ. ದುಂಡು ಉಂಗುರ ಒಳಬದಿಯ ಸಾಲಿನ ಕಾರ್ಡುಗಳ ಮೇಲೆ ಒತ್ತಿ ಬಾಗಿದ ಗೆರೆ ಮೂಡಿಸುತ್ತದೆ, ಆ ಗೆರೆ ಹೋಗುವುದಿಲ್ಲ. ತಿರುಪು ಹಾಕಿ ಬಿಗಿಯುವ ಹಳೆಯ ಅಕ್ರಿಲಿಕ್ ಫಲಕಗಳೂ ಬೇಡ, ಅವು ಕಾರ್ಡನ್ನು ಹಿಚುಕಿ ಚಪ್ಪಟೆ ಮಾಡುತ್ತವೆ. ರಬ್ಬರ್ ಬ್ಯಾಂಡಿನ ಬಗ್ಗೆ ಹೇಳಬೇಕಾದ್ದೇ ಇಲ್ಲ.

ಗ್ರೇಡಿಂಗ್ ಮಾಡಿಸಿ ಸ್ಲ್ಯಾಬಿನಲ್ಲಿ ಸೀಲ್ ಮಾಡಿಸಿದ್ದೇವೆ, ಇನ್ನೇನು ಭಯ ಎನ್ನುವವರಿದ್ದಾರೆ. ಪಿಎಸ್‌ಎ ಎಂಬ ಸಂಸ್ಥೆ 1991ರಲ್ಲಿ ಈ ಕೆಲಸವನ್ನು ಶುರುಮಾಡಿತು: ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವುದು. ಸ್ಲ್ಯಾಬಿನಿಂದ ಉಪಯೋಗವಿದೆ. ಬೆರಳಿನ ಜಿಡ್ಡು ತಾಗುವುದಿಲ್ಲ, ಮೂಲೆ ಬಡಿಯುವುದಿಲ್ಲ, ಕೊಡು ಕೊಳ್ಳುವಾಗ ನಂಬಿಕೆ ಇರುತ್ತದೆ. ಆದರೆ ಅದು ಪಾರದರ್ಶಕ, ಬೆಳಕು ಸಲೀಸಾಗಿ ಒಳಹೋಗುತ್ತದೆ. ಗಾಳಿಯನ್ನೂ ತೇವವನ್ನೂ ಪೂರ್ತಿ ತಡೆಯುವಂಥದ್ದಲ್ಲ, ನೀರಿನಲ್ಲಿ ಬಿದ್ದರೆ ಒಳಗೆ ನೀರು ಹೋಗುತ್ತದೆ. ಗ್ರೇಡ್ ಮಾಡಿದ ದಿನ ಕಾರ್ಡು ಹೇಗಿತ್ತು ಎಂಬುದಕ್ಕಷ್ಟೇ ಆ ಅಂಕ ಸಾಕ್ಷಿ. ಹತ್ತು ವರ್ಷ ಬಿಸಿಲಲ್ಲಿ ಮಾಸಿದರೂ ಚೀಟಿಯ ಮೇಲಿನ ಅಂಕ ಬದಲಾಗುವುದಿಲ್ಲ. ಆ ಅಂಕವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಪಿಎಸ್‌ಎ ಮೊತ್ತಮೊದಲು ಗ್ರೇಡ್ ಮಾಡಿದ್ದು ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರನಾಗಿ 4,51,000 ಡಾಲರಿಗೆ ಕೊಂಡಿದ್ದ ಹೋನಸ್ ವ್ಯಾಗ್ನರ್‌ನ ಟಿ206 ಕಾರ್ಡನ್ನು. ಎಂಟು ಅಂಕ ಕೊಟ್ಟರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ, ಹಿಂದೆ ಅದನ್ನು ಮಾರಿದ್ದ ಹರಾಜುದಾರ ಬಿಲ್ ಮ್ಯಾಸ್ಟ್ರೊ ತಾನೇ ಅದರ ಅಂಚು ಕತ್ತರಿಸಿ ನೇರ ಮಾಡಿದ್ದೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಜಗತ್ತಿನಲ್ಲಿ ಐವತ್ತು ಅರವತ್ತರಷ್ಟೇ ಉಳಿದಿರುವ ಕಾರ್ಡು ಅದು. ಇನ್ನಷ್ಟು ಚೆಂದ ಕಾಣಲಿ ಎಂದು ಕತ್ತರಿ ಆಡಿಸಿದ ಕೈ, ದಶಕಗಳ ಕಾಲ ಉಳಿದುಬಂದಿದ್ದ ಅಂಚನ್ನು ಶಾಶ್ವತವಾಗಿ ಇಲ್ಲವಾಗಿಸಿತು.

ಈ ಕಾರಣಕ್ಕೇ ಸಂಗ್ರಹದ ವಿಷಯದಲ್ಲಿ ನಾನು ಹಿಡಿದುಕೊಂಡಿರುವ ನಿಯಮ, ಮುಂದಿನವರು ಬಿಚ್ಚಿ ಮೊದಲಿನಂತೆ ಮಾಡಲಾಗದ ಯಾವುದನ್ನೂ ನಾವು ಮಾಡಕೂಡದು ಎಂಬುದು. ಒಳ್ಳೆಯ ಉದ್ದೇಶವೂ ಇಲ್ಲಿ ಕಾಪಾಡುವುದಿಲ್ಲ. ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್‌ನಷ್ಟು ಈ ಕಾರ್ಡುಗಳನ್ನು ಪ್ರೀತಿಸಿದವರು ಕಡಿಮೆ. ಟಿ206 ಎಂಬ ಗುರುತನ್ನು ಕೊಟ್ಟದ್ದೂ ಆತನ ಕ್ಯಾಟಲಾಗೇ. ಶ್ರೀಮಂತನಲ್ಲ, ಕೀಲುವಾತದಿಂದ ಕೈ ಸೊಟ್ಟಗಾಗುತ್ತಾ ಬಂದಿದ್ದ ಮನುಷ್ಯ. 1947ರಿಂದ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಡತೊಡಗಿದ. ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ವಸ್ತುಗಳು, ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರಕ್ಕೂ ಮಿಗಿಲು. ವರ್ಷಗಟ್ಟಲೆ ಅಲ್ಲೇ ಕೂತು ಒಂದೊಂದನ್ನೂ ಆಲ್ಬಂಗಳಿಗೆ ಅಂಟಿಸಿದ. 1963ರ ಜನವರಿಯಲ್ಲಿ ಕೊನೆಯದನ್ನು ಅಂಟಿಸಿ ಮುಗಿಸಿದ, ಮಾರ್ಚಿನಲ್ಲಿ ತೀರಿಕೊಂಡ. ಅವನು ಆ ಕೆಲಸ ಮಾಡದಿದ್ದರೆ ಅಷ್ಟೂ ಚೆಲ್ಲಾಪಿಲ್ಲಿಯಾಗುತ್ತಿತ್ತು, ಆ ಋಣ ದೊಡ್ಡದು. ಆದರೆ ಅಂಟಿಸಿದ ಕಾರ್ಡಿನ ಹಿಂಬದಿ ಹಾಳೆಗೆ ಮುಖ ಮಾಡಿರುತ್ತದೆ. ಇವತ್ತು ಟಿ206 ಅಭ್ಯಾಸ ಮಾಡುವವರಿಗೆ ಹಿಂಬದಿಯೇ ಅರ್ಧ ವಿದ್ಯೆ. ಹದಿನಾರು ಬ್ರ್ಯಾಂಡುಗಳ ತಂಬಾಕು ಜಾಹೀರಾತುಗಳಲ್ಲಿ ಯಾವುದು ಯಾವ ಆಟಗಾರನ ಹಿಂದೆ ಅಚ್ಚಾಗಿದೆ ಎಂಬುದರಿಂದ ಯಾವ ಕಾರ್ಡು ಯಾವಾಗ ಬಂತು, ಎಷ್ಟು ಅಪರೂಪ ಎಂದು ಲೆಕ್ಕ ಹಾಕುತ್ತಾರೆ. ಮುದುಡಿದ ಚೀಲದಲ್ಲಿ ಸಿಕ್ಕ ಆ ಏಳು ಕಾರ್ಡುಗಳ ಬೆಲೆಯೆಲ್ಲ ಇದ್ದದ್ದು ಅವುಗಳ ಬೆನ್ನಿನಲ್ಲಿ. ಇಂದು ನಮಗೆ ಬೇಡವೆನಿಸಿದ ಭಾಗದಲ್ಲಿ ನಾಳಿನವರು ಏನು ಓದುತ್ತಾರೋ ಹೇಳಲಾಗದು. ಗೋಡೆಗೆ ತೂಗುಹಾಕಿದ ಚೌಕಟ್ಟೂ ಮಾಡುವುದು ಇದನ್ನೇ: ಕಾರ್ಡಿನ ಅರ್ಧವನ್ನು ಗೋಡೆಗೆ ಒಪ್ಪಿಸಿ ಉಳಿದರ್ಧವನ್ನು ತೋರಿಸುತ್ತದೆ.

ಹಾಗಾದರೆ ಕತ್ತಲೆಯಲ್ಲಿ ಮುಚ್ಚಿಟ್ಟು ಏನು ಸುಖ, ನೋಡದ ಸಂಗ್ರಹ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಲ್ಲವೇ? ಎಲ್ಲ ಆಕ್ಷೇಪಗಳಲ್ಲಿ ಇದೇ ನನಗೆ ಹೆಚ್ಚು ಗೌರವ ಹುಟ್ಟಿಸುವಂಥದ್ದು, ಯಾಕೆಂದರೆ ಕೇಳುವವರು ಬೆಲೆ ನೋಡಿ ಕೇಳುತ್ತಿಲ್ಲ, ಪ್ರೀತಿಯಿಂದ ಕೇಳುತ್ತಿದ್ದಾರೆ. ಆದರೆ ಗೋಡೆಯ ಮೇಲಿನದನ್ನು ನಾವು ನಿಜವಾಗಿ ಎಷ್ಟು ದಿನ ನೋಡುತ್ತೇವೆ? ಮೊದಲ ವಾರ ನೋಡುತ್ತೇವೆ, ನೆಂಟರು ಬಂದಾಗ ಬೆರಳು ತೋರಿಸುತ್ತೇವೆ. ಆಮೇಲೆ ಅದು ಗೋಡೆಯ ಭಾಗವಾಗುತ್ತದೆ. ನಾವು ನೋಡದ ಹೊತ್ತಿನಲ್ಲೂ ಬೆಳಕು ಬೀಳುತ್ತಲೇ ಇರುತ್ತದೆ. ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹರಡಿದಾಗ ಆಗುವ ನೋಟವೇ ಬೇರೆ. ಟಿ206 ಎಷ್ಟು ಪುಟ್ಟದು ಎಂಬುದು ಅಂಗೈಯಲ್ಲಿಟ್ಟಾಗ ತಿಳಿಯುತ್ತದೆ. ಕಣ್ಣಿನ ಹತ್ತಿರ ತಂದರೆ ಕೆನ್ನೆಯ ಕೆಂಪು, ಹಿಂದಿನ ಹುಲ್ಲಿನ ಹಸಿರು ಎಲ್ಲ ಕಲ್ಲಚ್ಚಿನ ಬಿಡಿ ಬಿಡಿ ಚುಕ್ಕೆಗಳಾಗಿ ಒಡೆಯುತ್ತವೆ. ತಿರುಗಿಸಿದರೆ ಜಾಹೀರಾತು. 1952ರ ಕಾರ್ಡಾದರೆ ಆಟಗಾರ ಎಲ್ಲಿ ಹುಟ್ಟಿದ, ಬಲಗೈಯೋ ಎಡಗೈಯೋ, ಹಿಂದಿನ ವರ್ಷ ಹೇಗೆ ಆಡಿದ, ಎಲ್ಲ ಓದಬಹುದು. ಕೂತು ಮಾತಾಡುತ್ತಾ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಬಹುದು. ಅದಕ್ಕೆ ಬಿಳಿ ಹತ್ತಿಯ ಕೈಗವುಸು ಬೇಡ, ಬಟ್ಟೆಯ ಎಳೆ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ, ಬೆರಳಿಗೆ ಸ್ಪರ್ಶ ತಿಳಿಯದೆ ಕಾರ್ಡು ಜಾರುತ್ತದೆ. ಸೋಪು ಹಾಕಿ ತೊಳೆದು ಒರೆಸಿದ ಕೈ ಸಾಕು, ಅಂಚನ್ನಷ್ಟೇ ಹಿಡಿದರಾಯಿತು. ಒಂದು ಸಂಜೆ ದೀಪದ ಬೆಳಕಿನಲ್ಲಿ ಎರಡು ತಾಸು ಹೀಗೆ ನೋಡಿದರೆ, 300 ಲಕ್ಸ್ ಎಂದಿಟ್ಟುಕೊಂಡರೂ 600 ಲಕ್ಸ್-ತಾಸು. ಕಿಟಕಿಯ ಪಕ್ಕದ ಒಂದೇ ದಿನದ ಬೆಳಕಿಗೆ ಇಂಥ ಸುಮಾರು ಇಪ್ಪತ್ತೇಳು ಸಂಜೆಗಳು ಸಮ.

ದೊಡ್ಡ ಸಂಸ್ಥೆಗಳು ಕೂಡ ಇದೇ ಲೆಕ್ಕದಲ್ಲಿ ನಡೆಯುತ್ತವೆ. ಮೆಟ್ರೊಪಾಲಿಟನ್ ಮ್ಯೂಸಿಯಂ ಬರ್ಡಿಕ್ ಸಂಗ್ರಹವನ್ನು ಒಂದೇ ಸಲ ಗೋಡೆ ತುಂಬಾ ತೋರಿಸುವುದಿಲ್ಲ. ಒಂದಿಷ್ಟನ್ನು ಕೆಲವು ತಿಂಗಳು ಇಟ್ಟು, ಒಳಗಿಟ್ಟು, ಬೇರೆಯವನ್ನು ಹೊರತರುತ್ತದೆ. ಹತ್ತು ಅಂಕದ 1952ರ ಮ್ಯಾಂಟಲ್ ಕಾರ್ಡೊಂದನ್ನು 2018ರ ಜುಲೈನಲ್ಲಿ ಡೆನ್ವರ್‌ನ ಹಿಸ್ಟರಿ ಕೊಲರಾಡೊ ಸಂಗ್ರಹಾಲಯ ಪ್ರದರ್ಶನಕ್ಕಿಟ್ಟದ್ದು ಮೂರೇ ದಿನ. ಮನೆಯಲ್ಲೂ ಸರದಿ ಹಾಕಬಹುದು. ಗೋಡೆ ಖಾಲಿ ಬಿಡಲು ಮನಸ್ಸಿಲ್ಲದವರು ಒಳ್ಳೆಯ ಸ್ಕ್ಯಾನ್ ಮಾಡಿಸಿ, ಬೇಕಾದಷ್ಟು ದೊಡ್ಡದಾಗಿ, ಮುಂದೆ ಹಿಂದೆ ಎರಡೂ ಪಕ್ಕಪಕ್ಕ ಕಾಣುವಂತೆ ಅಚ್ಚು ಹಾಕಿಸಿ ತೂಗಲಿ. ಆ ಸ್ಕ್ಯಾನು ವಿಮೆಗೂ, ಕಳವಾದರೆ ಗುರುತಿಗೂ ಬೇಕೇ ಬೇಕು. 1952ರ ಸರಣಿಯನ್ನು ಟಾಪ್ಸ್ ತಾನೇ 1983ರಲ್ಲಿ ಮರುಮುದ್ರಿಸಿದೆ, ಅವು ಗೋಡೆಗೆ ಹೇಳಿ ಮಾಡಿಸಿದಂಥವು. ಪ್ರತಿ ಎಷ್ಟಾದರೂ ಪ್ರತಿಯೇ ಎಂದು ಕೊರಗುವ ಅಗತ್ಯವಿಲ್ಲ, ಅಸಲು ಅದೇ ಮನೆಯ ಕಪಾಟಿನಲ್ಲಿದೆ. ಇಷ್ಟು ಹೇಳಿದ ಮೇಲೂ ಅಸಲನ್ನೇ ತೂಗಬೇಕೆನ್ನುವವರು ಕಿಟಕಿ ಇಲ್ಲದ ನಡುಮನೆಯ ಒಳಗೋಡೆ ಆರಿಸಲಿ. ನೇರಳಾತೀತ ತಡೆಯುವ ಅಕ್ರಿಲಿಕ್ ಹಾಕಿಸಲಿ, ಅದು ಕಾರ್ಡಿಗೆ ತಾಗದಂತೆ ನಡುವೆ ಅಂತರವಿರಲಿ. ಕಾರ್ಡನ್ನು ಅಂಟು ಮುಟ್ಟದೆ ಪಾಲಿಯೆಸ್ಟರಿನ ಮೂಲೆಗಳಲ್ಲಿ ಸಿಕ್ಕಿಸಿ ಕೂರಿಸಲಿ. ಚೌಕಟ್ಟಿನ ಹಿಂದೆ ತೂಗಿದ ತಾರೀಕು, ಇಳಿಸಬೇಕಾದ ತಾರೀಕು ಎರಡನ್ನೂ ಬರೆದಿಡಲಿ. ಇಳಿಸುವ ತಾರೀಕು ಬರೆಯದೆ ತೂಗಿದ್ದು ಇಳಿಯುವುದಿಲ್ಲ.

ಮಡಿಕೆ ಬಿದ್ದ, ಮೂಲೆ ಸವೆದ, ಯಾವುದೋ ಹುಡುಗ ಪೆನ್ಸಿಲಿನಲ್ಲಿ ಗೀಚಿದ ಕಾರ್ಡುಗಳ ಬಗ್ಗೆ ಕೊನೆಯದಾಗಿ ಒಂದು ಮಾತು, ಯಾಕೆಂದರೆ ಹೆಚ್ಚಿನವರ ಬಳಿ ಇರುವುದು ಅಂಥವೇ. ಅವನ್ನು ಉಜ್ಜಿ ಅಳಿಸಬೇಡಿ, ಇಸ್ತ್ರಿ ಹಾಕಿ ಮಡಿಕೆ ತೆಗೆಯಬೇಡಿ, ಬಣ್ಣ ತುಂಬಬೇಡಿ. ಅವಕ್ಕೂ ಹೊಳೆಯುವ ಕಾರ್ಡುಗಳಿಗೆ ಕೊಟ್ಟ ಅದೇ ಸ್ಲೀವ್, ಅದೇ ಆಮ್ಲರಹಿತ ಪೆಟ್ಟಿಗೆ ಕೊಡಿ. ಹಳೆಯ ಆಲ್ಬಮ್ಮಿಗೆ ಅಂಟಿಸಿದ ಕಾರ್ಡು ಕೈಗೆ ಬಂದರೆ ಬಿಡಿಸುವ ಆತುರವೂ ಬೇಡ. ನೀರಿನಲ್ಲಿ ನೆನೆಸಿ ಬಿಡಿಸುವವರಿದ್ದಾರೆ, ಕೆಲವೊಮ್ಮೆ ಸಲೀಸಾಗಿ ಬರುತ್ತದೆ, ಕೆಲವೊಮ್ಮೆ ಹಿಂಬದಿಯ ಪದರವೇ ಹಾಳೆಗೆ ಅಂಟಿ ಉಳಿಯುತ್ತದೆ. ಯಾವ ಅಂಟು, ಯಾವ ಶಾಯಿ ಎಂದು ತಿಳಿಯದೆ ಅದನ್ನು ಮನೆಯ ಬಟ್ಟಲಿನಲ್ಲಿ ಪರೀಕ್ಷಿಸುವುದು ಸಲ್ಲದು. ಅದು ಕಾಗದ ಸಂರಕ್ಷಕರು ನೋಡಿ ನಿರ್ಧರಿಸಬೇಕಾದ ಕೆಲಸ. ಆಲ್ಬಮ್ಮನ್ನು ಆಲ್ಬಮ್ಮಾಗಿಯೇ ಮಲಗಿಸಿ ಪೆಟ್ಟಿಗೆಯಲ್ಲಿಡಿ, ಪುಟಗಳ ನಡುವೆ ಆಮ್ಲರಹಿತ ತೆಳು ಕಾಗದ ಸೇರಿಸಿ, ಪ್ರತಿ ಪುಟದ ಸ್ಕ್ಯಾನ್ ತೆಗೆದಿಡಿ. ಯಾರ ಆಲ್ಬಂ, ಯಾವ ಊರಿನಿಂದ ಬಂತು ಎಂಬುದು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ.